ಚಿಲ್ಲರೆ ತಕರಾರುಗಳ ತೂಕ

1990ರ ದಶಕದ ನಡುವಿನಲ್ಲಿ ಅಮೆರಿಕದ ಪತ್ರಿಕೆಗಳಲ್ಲೂ ಸಂಸತ್ತಿನ ಚರ್ಚೆಗಳಲ್ಲೂ ಒಂದು ಕಥೆ ಭರ್ಜರಿಯಾಗಿ ಓಡಿತು. ಜೈಲಿನ ಕ್ಯಾಂಟೀನಿನವರು ತಾನು ಕೇಳಿದ ಬಗೆಯ ಪೀನಟ್ ಬಟರ್ ಕೊಡಲಿಲ್ಲವೆಂದು ಕೈದಿಯೊಬ್ಬ ಫೆಡರಲ್ ಕೋರ್ಟಿನ ಮೆಟ್ಟಿಲು ಹತ್ತಿದನಂತೆ! ರಾಜ್ಯಗಳ ಅಟಾರ್ನಿ ಜನರಲ್‌ಗಳು ಇಂಥ ದಾವೆಗಳ 'ಟಾಪ್ ಟೆನ್' ಪಟ್ಟಿ ಮಾಡಿ ಹಂಚಿದರು. ಓದಿದವರೆಲ್ಲ ನಕ್ಕರು. ಆ ನಗುವಿನ ಬೆನ್ನಿಗೇ ಕಾನೂನೂ ಬಂತು. 1996ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಖರ್ಚುವೆಚ್ಚದ ದೊಡ್ಡ ಮಸೂದೆಯೊಂದರ ಬಾಲದಲ್ಲಿ 'ಪ್ರಿಸನ್ ಲಿಟಿಗೇಷನ್ ರಿಫಾರ್ಮ್ ಆ್ಯಕ್ಟ್' ಸೇರಿಕೊಂಡಿತ್ತು. ಕೈದಿಗಳು ಕೋರ್ಟಿಗೆ ಹೋಗುವ ದಾರಿಯನ್ನು ಕಿರಿದಾಗಿಸುವುದೇ ಅದರ ಉದ್ದೇಶ.

ಆ ಪೀನಟ್ ಬಟರ್ ಮೊಕದ್ದಮೆಯ ಕಡತವನ್ನು ತೆರೆದು ನೋಡಿದವರು ಜಾನ್ ಒ. ನ್ಯೂಮನ್. ಆಗ ಅವರು ಸೆಕೆಂಡ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು. ಕೈದಿ ಎರಡು ಡಬ್ಬಿಗಳಿಗೆ ಹಣ ಕೊಟ್ಟಿದ್ದ. ಅದರಲ್ಲೊಂದು ಬೇರೆ ಬಗೆಯದು ಬಂತು. ಕಾವಲುಗಾರ ತಕರಾರಿಲ್ಲದೆ ಅದನ್ನು ವಾಪಸು ತೆಗೆದುಕೊಂಡು, ನಾಳೆ ಸರಿಯಾದದ್ದು ಬರುತ್ತದೆ ಎಂದ. ಅದೇ ರಾತ್ರಿ ಕೈದಿಯನ್ನು ಇನ್ನೊಂದು ಜೈಲಿಗೆ ಸಾಗಿಸಿದರು. ಡಬ್ಬಿಯೂ ಬರಲಿಲ್ಲ, ಖಾತೆಯಿಂದ ಮುರಿದುಕೊಂಡ ಎರಡೂವರೆ ಡಾಲರೂ ಮರಳಲಿಲ್ಲ. ಅವನು ಕೇಳಿದ್ದು ಆ ಎರಡೂವರೆ ಡಾಲರನ್ನು. ಗಂಟೆಗೆ ಕೆಲವೇ ಸೆಂಟ್ ಕೂಲಿ ಕೊಡುವ ಜಾಗದಲ್ಲಿ ಅದು ಸಣ್ಣ ಮೊತ್ತವೇನಲ್ಲ. ನ್ಯೂಮನ್ ಇದನ್ನೆಲ್ಲ ಬರೆದು ಪ್ರಕಟಿಸಿದರು. ಕಥೆ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಓಡುವುದಕ್ಕೆ ಕಾರಣವಿದೆ. ಜನ ಮೊದಲೇ ಒಪ್ಪಿಕೊಂಡಿದ್ದ ಮೂರು ಅಭಿಪ್ರಾಯಗಳಿಗೆ ಅದು ಹೇಳಿ ಮಾಡಿಸಿದ ಸಾಕ್ಷಿಯಾಗಿತ್ತು. ಕೈದಿಗಳ ದಾವೆಗಳು ಅತಿಯಾಗಿವೆ, ಅವುಗಳಲ್ಲಿ ಹುರುಳಿಲ್ಲ, ಅವುಗಳ ನೆಪದಲ್ಲಿ ನ್ಯಾಯಾಧೀಶರು ಜೈಲು ಆಳಲು ಹೊರಟು ಅಪರಾಧಿಗಳನ್ನು ಬೀದಿಗೆ ಬಿಡುತ್ತಾರೆ. ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಿದರೆ ಉಳಿಯುವ ಸತ್ಯ ಅಷ್ಟಿಷ್ಟು. ಚಿಲ್ಲರೆ ಎಂದು ನಾವು ನಕ್ಕ ಅರ್ಜಿಗಳು ಚಿಲ್ಲರೆಯಾಗಿರುವುದು ಕೈದಿಯ ಸಣ್ಣತನದಿಂದಲ್ಲ. ಅಮೆರಿಕದ ಕಾನೂನು ಅವನಿಗೆ ಕೇಳಲು ಬಿಟ್ಟಿರುವುದೇ ಸಣ್ಣ ಪ್ರಶ್ನೆಗಳನ್ನು. ಆದರೂ ಆ ಸಣ್ಣ ಪ್ರಶ್ನೆಗಳೇ ಕೂಡಿ, ಯಾರೂ ಕೇಳಲು ಒಪ್ಪದ ಒಂದು ದೊಡ್ಡ ಪ್ರಶ್ನೆಯನ್ನು ಒಮ್ಮೆಯಾದರೂ ಕೋರ್ಟಿನ ಮುಂದೆ ನಿಲ್ಲಿಸಿದವು ಎಂಬುದು ನನ್ನ ವಾದ.

ಮೊದಲು 'ಅತಿಯಾಯಿತು' ಎಂಬ ದೂರು. 1980ರಲ್ಲಿ ಕೈದಿಗಳು ಫೆಡರಲ್ ಕೋರ್ಟುಗಳಲ್ಲಿ ಹೂಡಿದ ನಾಗರಿಕ ಹಕ್ಕು ದಾವೆಗಳು 12,000ಕ್ಕೆ ತುಸು ಹೆಚ್ಚು. 1995ರ ಹೊತ್ತಿಗೆ ಅವು 40,000ದ ಹತ್ತಿರ ಬಂದಿದ್ದವು. ಮೂರು ಪಟ್ಟಿಗೂ ಮಿಗಿಲು! ಭಾಷಣಗಳಲ್ಲಿ ಬಳಕೆಯಾದದ್ದು ಈ ಏರಿಕೆ. ಭಾಷಣಗಳು ಬಿಟ್ಟದ್ದು ಅದರ ಪಕ್ಕದಲ್ಲಿ ಇರಬೇಕಾಗಿದ್ದ ಇನ್ನೊಂದು ಸಾಲನ್ನು. 1980ರಲ್ಲಿ ಆ ದೇಶದ ಎಲ್ಲ ಬಗೆಯ ಸೆರೆಮನೆಗಳಲ್ಲಿದ್ದವರು ಸುಮಾರು 5 ಲಕ್ಷ. 1995ರಲ್ಲಿ ಸುಮಾರು 16 ಲಕ್ಷ. ಭಾಗಿಸಿ ನೋಡಿದರೆ ಎರಡೂ ವರ್ಷಗಳಲ್ಲಿ ಸಾವಿರ ಕೈದಿಗಳಿಗೆ ವರ್ಷಕ್ಕೆ 25ರ ಆಸುಪಾಸು ದಾವೆ. ಕೈದಿಗಳಿಗೆ ಕೋರ್ಟಿನ ಚಟವೇನೂ ಹತ್ತಿರಲಿಲ್ಲ. ದೇಶಕ್ಕೆ ಸೆರೆಮನೆಯ ಚಟ ಹತ್ತಿತ್ತು. ಮಾದಕ ವಸ್ತುಗಳ ವಿರುದ್ಧದ ಸಮರ, ಕಡ್ಡಾಯ ಕನಿಷ್ಠ ಶಿಕ್ಷೆ, ಪೆರೋಲ್ ರದ್ದತಿ, ಮೂರನೇ ಅಪರಾಧಕ್ಕೆ ಜೀವಾವಧಿ ಎಲ್ಲವೂ ಸೇರಿ ಜನರನ್ನು ಒಳಗೆ ತುಂಬಿದವು. ತುಂಬಿದವರು ತಾವೇ, ಒಳಗಿನ ಸದ್ದು ಹೆಚ್ಚಾಯಿತೆಂದು ಗದರಿದವರೂ ತಾವೇ.

ಇನ್ನು 'ಹುರುಳಿಲ್ಲ' ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಬಹುಪಾಲು ದಾವೆಗಳು ಸೋಲುತ್ತವೆ; ಎಷ್ಟೋ ಅರ್ಜಿಗಳು ತಲೆಬುಡವಿಲ್ಲದವು. ನ್ಯೂಮನ್ ಕೂಡ ಇದನ್ನು ಮುಚ್ಚಿಡಲಿಲ್ಲ. ಆದರೆ ಬರೆದವರು ಯಾರು? ಬಹುತೇಕ ಎಲ್ಲರೂ ವಕೀಲರಿಲ್ಲದೆ, ಜೈಲಿನ ಗ್ರಂಥಾಲಯದ ಹಳೆಯ ಕಾನೂನು ಪುಸ್ತಕ ನೋಡಿ, ಕೈಬರಹದಲ್ಲಿ ಅರ್ಜಿ ಗೀಚಿದವರು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಯಾವ ಪ್ರಶ್ನೆ ಕೇಳುವ ಅವಕಾಶವಿತ್ತು?

1871ರಲ್ಲಿ ವರ್ಜೀನಿಯಾದ ಸುಪ್ರೀಂ ಕೋರ್ಟು ಕೈದಿಯನ್ನು ಸರ್ಕಾರದ ಗುಲಾಮನೆಂದೇ ಕರೆದಿತ್ತು. ಗುಲಾಮಗಿರಿಯನ್ನು ರದ್ದು ಮಾಡಿದ 13ನೇ ತಿದ್ದುಪಡಿ ಅಪರಾಧಕ್ಕೆ ಶಿಕ್ಷೆಯಾಗಿ ಅದನ್ನು ಉಳಿಸಿಕೊಂಡಿದ್ದರಿಂದ ಆ ಮಾತಿಗೆ ಸಂವಿಧಾನದ ನೆರಳೂ ಇತ್ತು. ಮುಂದೆ ಸುಮಾರು 90 ವರ್ಷ ಕೋರ್ಟುಗಳು ಜೈಲಿನ ಗೋಡೆಯೊಳಗೆ ಕೈ ಹಾಕಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಕು ಕ್ಲಕ್ಸ್ ಕ್ಲಾನ್ ಗುಂಪಿನಿಂದ ಕಾಪಾಡಲೆಂದು ಅದೇ 1871ರಲ್ಲಿ ಮಾಡಿದ್ದ ನಾಗರಿಕ ಹಕ್ಕು ಕಾಯ್ದೆಯೊಂದು ಮೂಲೆಯಲ್ಲಿ ಬಿದ್ದಿತ್ತು. 1961ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಮತ್ತೆ ಜೀವ ಕೊಟ್ಟಿತು. 1964ರಲ್ಲಿ, ಧಾರ್ಮಿಕ ಪುಸ್ತಕ ತರಿಸಿಕೊಳ್ಳಲು ಬಿಡುತ್ತಿಲ್ಲವೆಂದು ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನ ಕಪ್ಪು ಮುಸ್ಲಿಂ ಕೈದಿ ಥಾಮಸ್ ಕೂಪರ್ ಹೂಡಿದ್ದ ದಾವೆಯಲ್ಲಿ, ಕೈದಿಯೂ ಆ ಕಾಯ್ದೆಯಡಿ ಬರಬಹುದೆಂದು ಒಪ್ಪಿತು. ಒಂದು ಪುಸ್ತಕಕ್ಕಾಗಿ ಎದ್ದ ತಕರಾರು ಅದು. ಇಡೀ ಕೈದಿಗಳ ಹಕ್ಕಿನ ಕಾನೂನು ನಿಂತಿರುವುದು ಅದರ ಮೇಲೆ.

1973ರ ನವೆಂಬರ್‌ನಲ್ಲಿ ಟೆಕ್ಸಾಸ್ ಜೈಲಿನ ಜೆ. ಡಬ್ಲ್ಯು. ಗ್ಯಾಂಬಲ್ ಲಾರಿಯಿಂದ ಹತ್ತಿ ಇಳಿಸುತ್ತಿದ್ದಾಗ 600 ಪೌಂಡ್‌ಗಳ ಮೂಟೆ ಮೈಮೇಲೆ ಬಿತ್ತು. ಬೆನ್ನು ನೋವೆಂದು ಕೆಲಸಕ್ಕೆ ಹೋಗದಿದ್ದಾಗ ಶಿಕ್ಷೆಯಾಯಿತು. ಅವನು ತಾನೇ ಬರೆದ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1976ರಲ್ಲಿ ನ್ಯಾಯಮೂರ್ತಿ ತುರ್ಗುಡ್ ಮಾರ್ಷಲ್ ಬರೆದ ತೀರ್ಪು, ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆ ಎಂಬ ನಿಯಮ ಹಾಕಿತು. ಆದರೆ ವೈದ್ಯ ಸಿಬ್ಬಂದಿ ಹಲವು ಬಾರಿ ನೋಡಿದ್ದರೆಂಬ ಕಾರಣಕ್ಕೆ ಗ್ಯಾಂಬಲ್ ಸೋತ. ಅಂಕಿಅಂಶದ ಪುಸ್ತಕದಲ್ಲಿ ಅವನ ದಾವೆ ಸೋತ ದಾವೆಗಳ ಖಾನೆಗೆ ಸೇರುತ್ತದೆ. ಇವತ್ತಿಗೂ ಪ್ರತಿ ಕೈದಿಯ ಚಿಕಿತ್ಸೆಯ ಹಕ್ಕು ನಿಂತಿರುವುದು ಅದರ ಮೇಲೆಯೇ. ಸೋಲು ಗೆಲುವುಗಳನ್ನು ಎಣಿಸಿ ಹುರುಳನ್ನು ಅಳೆಯುವವರು ಈ ಒಂದು ಪ್ರಕರಣಕ್ಕಾದರೂ ಉತ್ತರ ಹೇಳಬೇಕು.

ಈಗ ದೊಡ್ಡ ಪ್ರಶ್ನೆಗಳತ್ತ ನೋಡೋಣ. ಇಷ್ಟೊಂದು ಜನರನ್ನು ಇಷ್ಟು ದೀರ್ಘಕಾಲ ಕೂಡಿಹಾಕುವುದು ನ್ಯಾಯವೇ? ಅವರಲ್ಲಿ ಕಪ್ಪು ಜನರು ಜನಸಂಖ್ಯೆಯ ಪಾಲನ್ನು ಮೀರಿ ಇರುವುದೇಕೆ? ಈ ಎರಡಕ್ಕೂ ಕೋರ್ಟು ಬಾಗಿಲು ಹಾಕಿದೆ. 1987ರ ಮೆಕ್ಲೆಸ್ಕಿ ಪ್ರಕರಣದಲ್ಲಿ, ಜಾರ್ಜಿಯಾದ ಮರಣದಂಡನೆಗಳಲ್ಲಿ ಬಣ್ಣದ ಪ್ರಭಾವ ತೋರಿಸುವ ವಿವರವಾದ ಅಧ್ಯಯನವನ್ನು ಮುಂದಿಟ್ಟರೂ, ನಿನಗೇ ಭೇದಭಾವವಾಗಿದೆಯೆಂದು ಸಾಬೀತು ಮಾಡು ಎಂದು ಐದು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. 2003ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರ ಪ್ರಕರಣ ಒಂದೇ ದಿನ ತೀರ್ಮಾನವಾಯಿತು. ಮೂರು ಗಾಲ್ಫ್ ಕೋಲು ಕದ್ದವನಿಗೆ 25 ವರ್ಷದಿಂದ ಜೀವಾವಧಿ. ಸುಮಾರು 150 ಡಾಲರ್ ಬೆಲೆಯ ವಿಡಿಯೊ ಟೇಪುಗಳನ್ನು ಎರಡು ಸಲ ಕದ್ದವನಿಗೆ 50 ವರ್ಷದಿಂದ ಜೀವಾವಧಿ. ಹಿಂದಿನ ಅಪರಾಧಗಳನ್ನು ಸೇರಿಸಿ ಕೊಟ್ಟ ಶಿಕ್ಷೆಗಳಿವು. ಕೋರ್ಟು ಎರಡನ್ನೂ ಎತ್ತಿಹಿಡಿಯಿತು; ಮೊದಲನೆಯದರಲ್ಲಿ, ಶಿಕ್ಷೆಯ ಉದ್ದ ತೀರ್ಮಾನಿಸುವುದು ಶಾಸಕಾಂಗದ ಕೆಲಸವೆಂದಿತು. ಅಂದರೆ ಕೈದಿ 50 ವರ್ಷ ಏಕೆಂದು ಕೇಳುವಂತಿಲ್ಲ. ಆ 50 ವರ್ಷಗಳಲ್ಲಿ ಹಲ್ಲುನೋವು ಬಂದರೆ ವೈದ್ಯರು ಏಕೆ ಬರಲಿಲ್ಲ ಎಂದು ಕೇಳಬಹುದು. ಹಲ್ಲುನೋವಿನ ಬಗ್ಗೆ ಕೇಳಿದಾಗ, ನೋಡಿ, ಇವರಿಗೆ ಎಂಥ ಚಿಲ್ಲರೆ ವಿಷಯಕ್ಕೆಲ್ಲ ಕೋರ್ಟು ಬೇಕು ಎನ್ನುತ್ತೇವೆ!

ಆ ಸಣ್ಣ ಪ್ರಶ್ನೆಗೂ 1996ರ ಕಾಯ್ದೆ ಹಾಕಿದ ಅಗುಳಿಗಳನ್ನು ಗಮನಿಸಿ. ಕೋರ್ಟಿಗೆ ಬರುವ ಮೊದಲು ಜೈಲಿನ ಒಳಗಿನ ದೂರು ವ್ಯವಸ್ಥೆಯ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಮುಗಿಸಬೇಕು. ಗಡುವು ಒಂದು ದಿನ ತಪ್ಪಿದರೂ ದಾವೆ ಬಿದ್ದುಹೋಗಬಹುದು ಎಂದು 2006ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದ ಖಚಿತವಾಯಿತು; ಆ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ಜೈಲು ಕೊಟ್ಟಿದ್ದ ಗಡುವು 15 ಕೆಲಸದ ದಿನಗಳು. ಎಷ್ಟೇ ಬಡವನಾದರೂ ಈಗ 350 ಡಾಲರಿನ ಶುಲ್ಕವನ್ನು ಕಂತಿನಲ್ಲಾದರೂ ಪೂರ್ತಿ ಕಟ್ಟಬೇಕು. ಮೈಗೆ ಗಾಯವಾಗದೆ ಬರಿಯ ಮಾನಸಿಕ ಹಿಂಸೆಗೆ ಪರಿಹಾರವಿಲ್ಲ. ಹಣದ ಪರಿಹಾರ ಸಿಕ್ಕ ಪ್ರಕರಣಗಳಲ್ಲಿ ಎದುರು ಪಕ್ಷ ವಕೀಲರಿಗೆ ಕೊಡಬೇಕಾದ ಶುಲ್ಕ ಆ ಮೊತ್ತದ ಒಂದೂವರೆ ಪಟ್ಟು ಮೀರುವಂತಿಲ್ಲ: ಹಕ್ಕು ಉಲ್ಲಂಘನೆಯಾಗಿದೆಯೆಂದು ಒಪ್ಪಿ ಒಂದು ಡಾಲರ್ ಪರಿಹಾರ ಕೊಟ್ಟರೆ ವಕೀಲರಿಗೆ ಒಂದೂವರೆ ಡಾಲರ್. ಈ ಜರಡಿ ಹೊಟ್ಟನ್ನು ಮಾತ್ರ ತೂರುತ್ತದೆಂದು ಅದನ್ನು ಮಾಡಿದವರು ಭರವಸೆ ಕೊಟ್ಟಿದ್ದರು. ಆದರೆ ಗಡುವಿನ ನಿಯಮಕ್ಕೆ ಹೊಟ್ಟೂ ಕಾಳೂ ಒಂದೇ. ಅತ್ಯಾಚಾರಕ್ಕೊಳಗಾಗಿ ಹೆದರಿ ಗಡುವು ಮುಗಿದ ಮೇಲೆ ದೂರು ಕೊಟ್ಟವನೂ ಸುಮ್ಮನೆ ತಕರಾರು ತೆಗೆದವನೂ ಅದರ ಕಣ್ಣಿಗೆ ಒಂದೇ ತರಹ. ಐದಾರು ವರ್ಷಗಳಲ್ಲಿ ದಾವೆಗಳು ಹೆಚ್ಚುಕಡಿಮೆ 40% ಇಳಿದವು. ಆ ಅವಧಿಯಲ್ಲಿ ಕೈದಿಗಳ ಸಂಖ್ಯೆ ಮಾತ್ರ ಏರುತ್ತಲೇ ಇತ್ತು.

ಮೂರನೆಯ ಆರೋಪ ನ್ಯಾಯಾಧೀಶರ ಮೇಲೆ. ಅದಕ್ಕೆ ಉತ್ತರ ಬೇಕಿದ್ದರೆ ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕು. 1980ರಲ್ಲಿ ಆ ರಾಜ್ಯದ ಸೆರೆಮನೆಗಳಲ್ಲಿ ಸುಮಾರು 24,000 ಜನರಿದ್ದರು. 2006ರಲ್ಲಿ 1,70,000ಕ್ಕೂ ಹೆಚ್ಚು. ಮಾನಸಿಕ ಅಸ್ವಸ್ಥ ಕೈದಿಗಳ ಪರವಾಗಿ 1990ರಲ್ಲಿ ಕೋಲ್ಮನ್ ಮೊಕದ್ದಮೆ, ವೈದ್ಯಕೀಯ ಚಿಕಿತ್ಸೆಯ ಬಗ್ಗೆ 2001ರಲ್ಲಿ ಪ್ಲಾಟಾ ಮೊಕದ್ದಮೆ ಆರಂಭವಾದವು. ಎರಡನೆಯದರಲ್ಲಿ ಸರ್ಕಾರ ತಪ್ಪನ್ನು ಅಲ್ಲಗಳೆಯಲೂ ಇಲ್ಲ; ಸುಧಾರಿಸುತ್ತೇವೆಂದು 2002ರಲ್ಲೇ ಬರೆದುಕೊಟ್ಟಿತು. ಸುಧಾರಿಸಲಿಲ್ಲ. 2005ರಲ್ಲಿ ನ್ಯಾಯಾಧೀಶ ಥೆಲ್ಟನ್ ಹೆಂಡರ್ಸನ್ ಕಂಡುಕೊಂಡ ಸಂಗತಿ: ತಡೆಯಬಹುದಾಗಿದ್ದ ಕಾರಣಕ್ಕೆ ಆರೇಳು ದಿನಕ್ಕೊಬ್ಬ ಕೈದಿ ಸಾಯುತ್ತಿದ್ದ. ಹೆಂಡರ್ಸನ್ ಅಮೆರಿಕದ ನ್ಯಾಯ ಇಲಾಖೆಯ ನಾಗರಿಕ ಹಕ್ಕು ವಿಭಾಗದ ಮೊದಲ ಕಪ್ಪು ವಕೀಲರಾಗಿ 1960ರ ದಶಕದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಓಡಾಡಿದ್ದವರು. ಅಂಥವರೂ ತಟ್ಟನೆ ಬಾಗಿಲು ತೆರೆದು ಕೈದಿಗಳನ್ನು ಬಿಡಲಿಲ್ಲ. ಮೊದಲು ಆದೇಶ ಕೊಟ್ಟರು. ಆಮೇಲೆ ಜೈಲಿನ ಆಸ್ಪತ್ರೆಗಳನ್ನು ನಡೆಸಲು ಕೋರ್ಟಿನ ಪರವಾಗಿ ಆಡಳಿತಾಧಿಕಾರಿಯನ್ನು ನೇಮಿಸಿದರು. ವೈದ್ಯರನ್ನು ನೇಮಿಸಿದರೆ ಕೂರಲು ಕೋಣೆಯಿಲ್ಲ. ಕೋಣೆ ಕಟ್ಟಿದರೆ ಅಷ್ಟರಲ್ಲಿ ಇನ್ನಷ್ಟು ಕೈದಿಗಳು. ಯಾವ ಪರಿಹಾರ ಹಿಡಿದರೂ ಅದು ಹೋಗಿ ಮುಟ್ಟುತ್ತಿದ್ದುದು ಕೈದಿಗಳ ಸಂಖ್ಯೆಗೇ.

2011ರ ಮೇ 23ರಂದು ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಆಂಥನಿ ಕೆನಡಿ ಬರೆದ ತೀರ್ಪನ್ನು ಓದಿದರೆ ಚಿಲ್ಲರೆ ತಕರಾರುಗಳ ಮೊತ್ತ ಎಂಥದೆಂದು ಕಾಣುತ್ತದೆ. ಸುಮಾರು 80,000 ಜನರಿಗೆ ಕಟ್ಟಿದ ಜೈಲುಗಳಲ್ಲಿ 1,56,000 ಜನ. ವ್ಯಾಯಾಮದ ಹಾಲ್‌ನಲ್ಲಿ 200 ಜನ, ಕಾಯಲು ಇಬ್ಬರು ಮೂವರು. ಒಂದು ಶೌಚಾಲಯಕ್ಕೆ 54 ಜನ. ಹಾಸಿಗೆಯಿಲ್ಲವೆಂದು, ಆತ್ಮಹತ್ಯೆಗೆ ಯತ್ನಿಸಬಹುದಾದವರನ್ನು ಟೆಲಿಫೋನ್ ಬೂತ್ ಗಾತ್ರದ ಪಂಜರಗಳಲ್ಲಿ ನಿಲ್ಲಿಸಿದ್ದರು. 17 ತಿಂಗಳು ನೋವೆಂದು ಹೇಳುತ್ತಲೇ ಇದ್ದ ಯುವಕನೊಬ್ಬನನ್ನು ಯಾರೂ ಸರಿಯಾಗಿ ಪರೀಕ್ಷಿಸದೆ ಅವನು ವೃಷಣದ ಕ್ಯಾನ್ಸರ್‌ನಿಂದ ಸತ್ತ. ಆ 17 ತಿಂಗಳಲ್ಲಿ ಅವನು ಹೇಳಿಕೊಂಡ ನೋವೂ ಜೈಲಿನ ಲೆಕ್ಕದಲ್ಲಿ ಒಂದು ಸಣ್ಣ ದೂರು. ಕೋರ್ಟು ಮೂರು ಫೋಟೊಗಳನ್ನು ತೀರ್ಪಿನ ಕೊನೆಗೆ ಲಗತ್ತಿಸಿ, ಕೈದಿಗಳ ಸಂಖ್ಯೆ ಸಾಮರ್ಥ್ಯದ 137.5% ಮೀರಕೂಡದು ಎಂಬ ಕೆಳ ಪೀಠದ ಆದೇಶವನ್ನು 5–4ರಲ್ಲಿ ಎತ್ತಿಹಿಡಿಯಿತು. ಗಾಲ್ಫ್ ಕೋಲು ಕದ್ದವನಿಗೆ ಎಷ್ಟು ವರ್ಷವೆಂದು ಕೇಳಲು 2003ರಲ್ಲಿ ಒಪ್ಪದ ಅದೇ ಕೋರ್ಟು, ಅಂಥ ಶಿಕ್ಷೆಗಳೆಲ್ಲ ಕೂಡಿ ಬಂದ ಮೊತ್ತವನ್ನು ಎಂಟು ವರ್ಷಗಳ ನಂತರ ಎದುರಿಸಲೇಬೇಕಾಯಿತು.

ಇದರಲ್ಲೊಂದು ತಮಾಷೆಯಿದೆ. ಸಂಖ್ಯೆ ಇಳಿಸುವ ಆದೇಶ ಕೊಡಬೇಕಾದರೆ ಮೂವರು ನ್ಯಾಯಾಧೀಶರ ಪೀಠ ಕೂರಬೇಕು, ಬೇರೆಲ್ಲ ಉಪಾಯ ಸೋತಿರಬೇಕು, ಹಾನಿಗೆ ಮುಖ್ಯ ಕಾರಣ ದಟ್ಟಣೆಯೇ ಎಂದು ಸಾಬೀತಾಗಬೇಕು ಎಂಬ ಷರತ್ತುಗಳನ್ನು ಹಾಕಿದ್ದು 1996ರ ಕಾಯ್ದೆಯೇ. ಇಂಥ ಆದೇಶ ಎಂದೂ ಬರಬಾರದೆಂದು ಹಾಕಿದ ಷರತ್ತುಗಳು ಅವು. ಕ್ಯಾಲಿಫೋರ್ನಿಯಾ ಅವೆಲ್ಲವನ್ನೂ ದಾಟಿತ್ತು. ನ್ಯಾಯಾಧೀಶರು ಅಧಿಕಾರ ಕಸಿದರು ಎನ್ನುವವರು ಇಪ್ಪತ್ತು ವರ್ಷ ಆ ಅಧಿಕಾರ ಯಾರ ಕೈಯಲ್ಲಿತ್ತು, ಅವರು ಏನು ಮಾಡಿದರು ಎಂದು ಮೊದಲು ಹೇಳಲಿ.

ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಇದು ದೇಶದ ಚರಿತ್ರೆಯಲ್ಲೇ ಅತ್ಯಂತ ಅತಿರೇಕದ ಆದೇಶವಿರಬಹುದು ಎಂದರು. ನ್ಯಾಯಮೂರ್ತಿ ಅಲಿಟೊ ಇದರಿಂದ ಬಲಿಯಾಗುವವರ ಪಟ್ಟಿ ಬೆಳೆದೀತೆಂದು ಭಯಪಟ್ಟರು. ಭಯ ನಿಜವಾಯಿತೇ? 2011ರ ಅಕ್ಟೋಬರ್‌ನಿಂದ ರಾಜ್ಯ ಹೊಸ ಪದ್ಧತಿ ತಂದು, ಗಂಭೀರವಲ್ಲದ ಅಪರಾಧಗಳವರನ್ನು ರಾಜ್ಯದ ಜೈಲಿಗೆ ಕಳಿಸುವುದು ನಿಲ್ಲಿಸಿತು. 2014ರಲ್ಲಿ ಮತದಾರರೇ ಸಣ್ಣ ಕಳವು ಮತ್ತು ಮಾದಕ ವಸ್ತು ಅಪರಾಧಗಳ ಶಿಕ್ಷೆ ಇಳಿಸಿದರು. 2015ರಲ್ಲಿ ಸಂಖ್ಯೆ ಮಿತಿಯೊಳಗೆ ಬಂತು. ಆ ಹೊಸ ಪದ್ಧತಿಯಿಂದ ಹಿಂಸಾಪರಾಧ ಏರಿದ್ದಕ್ಕೆ ಸಂಶೋಧಕರಿಗೆ ಪುರಾವೆ ಸಿಗಲಿಲ್ಲ. ಕಾರು ಕಳವು ಹೆಚ್ಚಾದದ್ದು ಸಿಕ್ಕಿತು, ಅದನ್ನು ಮರೆಮಾಚಬೇಕಾಗಿಲ್ಲ. ಕಾರು ಕಳವು ನಷ್ಟವೇ. ಆದರೆ ವಾರಕ್ಕೊಂದು ಸಾವನ್ನು ಮುಂದುವರಿಸಿ ತಪ್ಪಿಸಬೇಕಾದ ನಷ್ಟವಲ್ಲ.

ಇಲ್ಲಿಯವರೆಗೆ ಎದುರಾಳಿಗಳು ಬಲಪಂಥದವರಾಗಿದ್ದರು. ನನ್ನ ವಾದಕ್ಕೆ ಹೆಚ್ಚು ಕಷ್ಟ ಕೊಡುವ ಆಕ್ಷೇಪ ಬರುವುದು ಮತ್ತೊಂದು ಕಡೆಯಿಂದ. ಜೈಲು ಇಕ್ಕಟ್ಟಾಗಿದೆ ಎಂದು ಗೆದ್ದರೆ ಸರ್ಕಾರ ಇನ್ನೊಂದು ಜೈಲು ಕಟ್ಟುತ್ತದೆ; ಹೀಗೆ ಮೊಕದ್ದಮೆಗಳೇ ಸೆರೆಮನೆಯ ಸಾಮ್ರಾಜ್ಯ ಬೆಳೆಸಿದವು ಎಂಬುದು ಆ ಆಕ್ಷೇಪ. ಟೆಕ್ಸಾಸ್ ಇದಕ್ಕೆ ಸಾಕ್ಷಿ. 1972ರಲ್ಲಿ ಡೇವಿಡ್ ರೂಯಿಸ್ ಎಂಬ ಕೈದಿ ಕೈಬರಹದಲ್ಲಿ ಅರ್ಜಿ ಕೊಟ್ಟ. ಅದನ್ನು ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಇತರ ಕೈದಿಗಳ ಅರ್ಜಿಗಳ ಜೊತೆ ಸೇರಿಸಿದರು. ವಿಚಾರಣೆ 159 ದಿನ ನಡೆದು 349 ಸಾಕ್ಷಿಗಳು ಬಂದರು. ಆಯ್ದ ಕೈದಿಗಳ ಕೈಗೆ ಅಧಿಕಾರ ಕೊಟ್ಟು ಉಳಿದವರನ್ನು ಬಡಿಸುವ ಪದ್ಧತಿ, ನೆಲದ ಮೇಲೆ ಮಲಗುವ ಇಕ್ಕಟ್ಟು ಎಲ್ಲ ಬಯಲಾಗಿ, 1980ರಲ್ಲಿ ಇಡೀ ವ್ಯವಸ್ಥೆಯೇ ಸಂವಿಧಾನಬಾಹಿರ ಎಂಬ ತೀರ್ಪು ಬಂತು. ದೊಡ್ಡ ಗೆಲುವು. ಆಗ ಸುಮಾರು 30,000 ಇದ್ದ ಟೆಕ್ಸಾಸ್ ಕೈದಿಗಳ ಸಂಖ್ಯೆ 2000ದ ಹೊತ್ತಿಗೆ ಒಂದೂವರೆ ಲಕ್ಷ ದಾಟಿತು. ಪ್ರತಿಯೊಬ್ಬರಿಗೂ ಮಲಗಲು ಇಷ್ಟು ಜಾಗ ಎಂದು ಕೋರ್ಟು ಹೇಳಿದಾಗ, ಜಾಗ ಹೆಚ್ಚಿಸುವುದೂ ಜನ ಕಡಿಮೆ ಮಾಡುವುದೂ ಎರಡೂ ಸರಿಯುತ್ತರಗಳು. ರಾಜಕಾರಣಿಗಳು ಮೊದಲನೆಯದನ್ನು ಆರಿಸಿಕೊಂಡರು.

ಈ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಅದರಿಂದ ಹೊರಡುವ ನಿರ್ಣಯವನ್ನು ಒಪ್ಪುವುದಿಲ್ಲ. ಟೆಕ್ಸಾಸ್ ಜೈಲು ಕಟ್ಟಿದ್ದು ಶಿಕ್ಷೆ ಹೆಚ್ಚಿಸುವ ಕಾನೂನುಗಳಿಂದ. ರೂಯಿಸ್ ಅರ್ಜಿ ಕೊಡದಿದ್ದರೆ ಅದೇ ಒಂದೂವರೆ ಲಕ್ಷ ಜನ ಹಳೆಯ ಜೈಲುಗಳ ನೆಲದ ಮೇಲೆ, ಅಧಿಕಾರ ಸಿಕ್ಕ ಕೈದಿಗಳ ದೊಣ್ಣೆಯ ಕೆಳಗೆ ಇರುತ್ತಿದ್ದರು. ಮತ್ತೆ, ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಬರುವಷ್ಟರಲ್ಲಿ ವಾದ ಬದಲಾಯಿತು. ಬರ್ಕ್ಲಿಯ ಪ್ರಿಸನ್ ಲಾ ಆಫೀಸಿನ ಡೊನಾಲ್ಡ್ ಸ್ಪೆಕ್ಟರ್ ಮೊದಲಾದ ವಕೀಲರು ಚದರಡಿಯ ಲೆಕ್ಕ ಬಿಟ್ಟು ಕಾಯಿಲೆ ಮತ್ತು ಸಾವಿನ ಲೆಕ್ಕ ಹಿಡಿದರು. ಚದರಡಿಯನ್ನು ಕಾಂಕ್ರೀಟಿನಿಂದ ಕೊಡಬಹುದು. ಲಕ್ಷಾಂತರ ಜನರಿಗೆ ವೈದ್ಯರು, ನರ್ಸುಗಳು, ಮನೋವೈದ್ಯರು ಕಾಂಕ್ರೀಟಿನಿಂದ ಬರುವುದಿಲ್ಲ. ರಾಜ್ಯದ ಬೊಕ್ಕಸವೂ ಖಾಲಿಯಾಗಿತ್ತು. ಆದ್ದರಿಂದ ಉಳಿದದ್ದು ಎರಡನೆಯ ಉತ್ತರ: ಜನ ಕಡಿಮೆ ಮಾಡುವುದು. ಅದೂ ಪೂರ್ಣ ಗೆಲುವಲ್ಲ. ಕೆಲವರು ರಾಜ್ಯದ ಜೈಲಿನಿಂದ ಜಿಲ್ಲಾ ಜೈಲಿಗೆ ಬದಲಾದರಷ್ಟೆ. ಆದರೂ ದಾರಿ ಎಲ್ಲಿದೆಯೆಂದು ತೋರಿತು.

ನಮ್ಮಲ್ಲೂ ಇದೇ ರೂಢಿಮಾತು ಬೇರೆ ವೇಷದಲ್ಲಿದೆ. ಪರಪ್ಪನ ಅಗ್ರಹಾರದಲ್ಲಿ ಯಾರೋ ಪ್ರಭಾವಿಗೆ ಸೌಲಭ್ಯ ಸಿಕ್ಕ ಫೋಟೊ ಹೊರಬಂದರೆ ಟಿವಿಗಳಲ್ಲಿ ವಾರವಿಡೀ 'ರಾಜಾತಿಥ್ಯ'. ದುಡ್ಡಿದ್ದವನ ಆತಿಥ್ಯ ಭ್ರಷ್ಟಾಚಾರ. ಅದನ್ನು ನೋಡಿ ಜೈಲೆಂದರೆ ಸುಖ ಎಂದು ತೀರ್ಮಾನಿಸುವುದು ಪೀನಟ್ ಬಟರ್ ಕಥೆಯ ತರ್ಕವೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಇನ್ನೂ ಅಪರಾಧ ಸಾಬೀತಾಗದವರು. ಬಾಗಿಲ ವಿಷಯದಲ್ಲಿ ಮಾತ್ರ ನಮ್ಮ ಕೋರ್ಟು ಅಮೆರಿಕಕ್ಕಿಂತ ಉದಾರ. ತಿಹಾರ್ ಜೈಲಿನ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1979ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟರು. ಶುಲ್ಕವಿಲ್ಲ, ಗಡುವಿಲ್ಲ. ಆದರೆ ಬಾಗಿಲು ತೆರೆದಿದ್ದರೂ ಮುಕ್ಕಾಲು ಪಾಲು ಕೈದಿಗಳು ತೀರ್ಪಿಲ್ಲದೆ ಒಳಗಿದ್ದಾರೆ ಎಂದರೆ, ಸಂಖ್ಯೆಗೆ ಮಿತಿ ಹಾಕದೆ ಉದಾರ ತೀರ್ಪುಗಳಷ್ಟೇ ಸಾಲುವುದಿಲ್ಲ ಎಂದಾಯಿತು. ಕ್ಯಾಲಿಫೋರ್ನಿಯಾದ ಪಾಠ ನಮಗೆ ಬೇಕಾಗುವುದು ಇಲ್ಲಿ.

ಆ ಪಾಠಕ್ಕೆ ಈಗ ಪರೀಕ್ಷೆಯೂ ಬಂದಿದೆ. ಅಂಗಡಿ ಕಳ್ಳತನದ ಮೇಲಿನ ಸಿಟ್ಟಿನಲ್ಲಿ 2024ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಹತ್ತು ವರ್ಷ ಹಿಂದೆ ತಾವೇ ಇಳಿಸಿದ್ದ ಶಿಕ್ಷೆಗಳನ್ನು ದೊಡ್ಡ ಬಹುಮತದಿಂದ ಮತ್ತೆ ಏರಿಸಿದರು. ಜನಕ್ಕೆ ಹಾಗೆ ಮಾಡುವ ಹಕ್ಕಿದೆ. ಆದರೆ 1994ರಲ್ಲಿ ಮೂರನೇ ಅಪರಾಧಕ್ಕೆ ಜೀವಾವಧಿ ಎಂದು ಮತ ಹಾಕಿದಾಗ ಆ ನಿರ್ಧಾರಕ್ಕೆ ಯಾವ ಮಿತಿಯೂ ಇರಲಿಲ್ಲ. ಅದರ ಖರ್ಚು ಬಿದ್ದದ್ದು ಒಳಗಿದ್ದವರ ದೇಹಗಳ ಮೇಲೆ. ಈ ಸಲ 137.5% ಎಂಬ ಗೆರೆ ಇದೆ. ಒಬ್ಬನನ್ನು ಒಳಗೆ ಹಾಕುವ ಮೊದಲು ಅವನಿಗೆ ಜಾಗವಿದೆಯೇ, ವೈದ್ಯರಿದ್ದಾರೆಯೇ, ಇಲ್ಲದಿದ್ದರೆ ಯಾರನ್ನು ಬಿಡಬೇಕು ಎಂದು ಸರ್ಕಾರ ಲೆಕ್ಕ ಹಾಕಬೇಕು. ಶಿಕ್ಷೆ ಹೆಚ್ಚಿಸಿ ಎಂದು ಕೂಗುವವರಿಗೆ ಅದರ ಬೆಲೆ ಕಾಣುವಂತಾಯಿತು. ಇಷ್ಟನ್ನು ಅಲ್ಲಿನ ಶಾಸನಸಭೆ ತಾನಾಗಿ ಮಾಡಿರಲಿಲ್ಲ. ಮಾಡಿಸಿದ್ದು ನಾವು ನಕ್ಕ ಅರ್ಜಿಗಳು.